60 ಸಾವಿರ ಕೈಯಲ್ಲಿದೆ: ಮೊದಲ ಗೇಮಿಂಗ್ ಪಿಸಿ ರೆಡಿ ತಗೊಳ್ಳೋದಾ, ಅಸೆಂಬಲ್ ಮಾಡೋದಾ?

ಕೌಲ್‌ಬಜಾರ್_ಹುಡುಗ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ ಕೊನೆಯ ವರ್ಷ. ಮನೆ ಪಕ್ಕದಲ್ಲೇ ಅಪ್ಪನದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇದೆ. ಎರಡು ವರ್ಷ ರಜೆ ಸಿಕ್ಕಾಗೆಲ್ಲ ಅಲ್ಲಿ ಕೂತು ದಾರ ಕತ್ತರಿಸಿ, ಗುಂಡಿ ಹೊಡೆದು 35 ಸಾವಿರ ಕೂಡಿಟ್ಟಿದ್ದೇನೆ. ಅಪ್ಪ 25 ಸೇರಿಸುತ್ತೇನೆ ಅಂದಿದ್ದಾರೆ. "ಕೊಡೋದು ಒಂದೇ ಸಲ, ಕೆಟ್ಟರೆ ನನ್ನ ಹತ್ತಿರ ಬರಬೇಡ" ಅಂತಲೂ ಅಂದಿದ್ದಾರೆ.

ಆಡಬೇಕಿರುವುದು ವ್ಯಾಲರಂಟ್, ಸಿಎಸ್2, ಜಿಟಿಎ 5. ಮುಂದೆ ಹೊಸ ಗೇಮ್ ಒಂದೆರಡು. ಮಾನಿಟರ್ ಖರ್ಚಿಲ್ಲ. ಯೂನಿಟ್‌ನಲ್ಲಿ ಬಿಲ್ಲಿಂಗ್‌ಗೆ ಇಟ್ಟಿದ್ದ 22 ಇಂಚಿನದು ಸುಮ್ನೆ ಬಿದ್ದಿದೆ.

ಊರಿನ ಒಂದು ಅಂಗಡಿಯಲ್ಲಿ ವಿಚಾರಿಸಿದೆ. "ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, 512 ಎಸ್‌ಎಸ್‌ಡಿ, 27,500. ಎಲ್ಲಾ ಗೇಮ್ ಓಡುತ್ತೆ" ಅಂದರು. ಮುಂದೆ ಗಾಜು, ಒಳಗೆ ಬಣ್ಣದ ಲೈಟು, ನೋಡಿದರೆ ಆಸೆ ಆಗುತ್ತೆ. ಇದನ್ನು ತಗೊಂಡು ಉಳಿದ ದುಡ್ಡಿಗೆ ಕುರ್ಚಿ, ಹೆಡ್‌ಫೋನ್ ತಗೊಳ್ಳಲಾ? ಇಲ್ಲಾ ಕಂಪನಿ ಪಿಸಿನಾ? ಇಲ್ಲಾ ವಿಡಿಯೋ ನೋಡಿ ನಾನೇ ಕೂಡಿಸಲಾ? ಒಂದು ಸ್ಕ್ರೂ ಕೂಡ ಬಿಚ್ಚಿದವನಲ್ಲ ನಾನು.

ಗುಡ್ಡದ_ಕೆಳಗೆ, ಬಳ್ಳಾರಿ

ತಮ್ಮಾ, ಮೊದಲು ಆ ಅಂಗಡಿಗೆ ಮತ್ತೆ ಹೋಗು. ಐ7 ಅಂದರೆ ಯಾವ ಐ7? ನಂಬರ್ ಪೂರ್ತಿ ಬರೆಸಿಕೊಂಡು ಬಾ. ಗ್ರಾಫಿಕ್ಸ್ ಕಾರ್ಡಿನ ಹೆಸರೂ ಬೇಕು. ಜಿಬಿ ಬೇಡ, ಹೆಸರು.

ಹಾಸ್ಟೆಲ್_ರೂಂ_14, ರಾಯಚೂರು

ಲ್ಯಾಪ್‌ಟಾಪ್ ತಗೊಳ್ಳಿ ಸರ್. ಕರೆಂಟ್ ಹೋದರೂ ಆಟ ನಿಲ್ಲಲ್ಲ.

ಕೌಲ್‌ಬಜಾರ್_ಹುಡುಗ

ಹೋಗಿ ಬಂದೆ. ಐ7-3770. ಕಾರ್ಡು ಜಿಟಿ 730, 4 ಜಿಬಿ. ನಂಬರ್ ಕೇಳಿದ್ದಕ್ಕೆ ಅವರು ನನ್ನನ್ನೇ ಒಂದು ಥರಾ ನೋಡಿದರು.

ಗುಡ್ಡದ_ಕೆಳಗೆ

ಅಂದುಕೊಂಡಿದ್ದೆ. ನಾನು ಎಂಟು ವರ್ಷ ರಿಪೇರಿ ಅಂಗಡಿ ನಡೆಸಿ ಬಿಟ್ಟವನು. ಆ ಡಬ್ಬಿಯನ್ನು ನಾನೂ ಮಾರಿದ್ದೇನೆ, ಅದಕ್ಕೇ ಹೇಳುತ್ತೇನೆ ಕೇಳು.

ಐ7-3770 ಬಂದದ್ದು 2012ರಲ್ಲಿ. ನೀನು ಆಗ ಕನ್ನಡ ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದೆ. ಅದರಲ್ಲಿ ನಾಲ್ಕು ಕೋರ್ (ಲೆಕ್ಕ ಮಾಡುವ ಭಾಗ), ಎಂಟು ಥ್ರೆಡ್ (ಒಟ್ಟಿಗೆ ಹಿಡಿಯಬಲ್ಲ ಕೆಲಸದ ಸಾಲು). 2022ರ ಐ3-12100ಎಫ್‌ನಲ್ಲೂ ಅಷ್ಟೇ, ನಾಲ್ಕು ಮತ್ತು ಎಂಟು. ಆದರೆ ಒಂದೊಂದು ಕೋರ್ ಮಾಡುವ ಕೆಲಸದಲ್ಲಿ ಹಳೆಯದು ಹೊಸದರ ಹತ್ತಿರಕ್ಕೂ ಬರಲ್ಲ. 7 ದೊಡ್ಡದು, 3 ಸಣ್ಣದು ಅನ್ನುವ ಲೆಕ್ಕ ಒಂದೇ ವರ್ಷದ ಮಾಲಿಗೆ ಮಾತ್ರ ಸರಿ.

ಜಿಟಿ 730 2014ರದ್ದು. ಅದರ ಕೆಲಸ ಪರದೆಗೆ ಚಿತ್ರ ಕಳಿಸುವುದು, ಆಟ ಆಡಿಸುವುದಲ್ಲ. 4 ಜಿಬಿ ಇದೆಯಲ್ಲ ಅಂದೆಯಾ? ನಮ್ಮೂರಿನ ಮನೆಗಳ ಹಾಗೆ ಅದು. ಮಾಳಿಗೆ ಮೇಲೆ ಸಾವಿರ ಲೀಟರ್ ಟ್ಯಾಂಕ್ ಇಟ್ಟು, ಕೆಳಗೆ ನಲ್ಲಿಯಲ್ಲಿ ಸೊಳ್ಳೆ ಉಚ್ಚೆ ಹೊಯ್ದ ಹಾಗೆ ನೀರು ಬಂದರೆ ಟ್ಯಾಂಕ್ ತಗೊಂಡು ಏನು ಮಾಡ್ತೀಯ?

ಇನ್ನೊಂದಿದೆ. ಆ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ, 8ನೇ ತಲೆಮಾರಿನಿಂದ ಮೇಲೆ ಮಾತ್ರ. ವಿಂಡೋಸ್ 10ಕ್ಕೆ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಒದ್ದಾಡಿ 11 ಹಾಕಿದರೂ ವ್ಯಾಲರಂಟ್ ಅಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಭದ್ರತೆಯ ಏರ್ಪಾಡು ಎರಡೂ ಕೇಳುತ್ತೆ. ಅಂದರೆ ನಿನ್ನ ಪಟ್ಟಿಯ ಮೊದಲ ಆಟಕ್ಕೇ ಕುತ್ತು.

ಅಂಗಡಿಯವರು ಮೋಸಗಾರರು ಅಂತ ನಾನು ಹೇಳಲ್ಲ. ಟ್ಯಾಲಿ, ಬಿಲ್ಲು, ಜೆರಾಕ್ಸ್ ಅಂಗಡಿ ಕೆಲಸಕ್ಕೆ ಆ ಡಬ್ಬಿ ಇನ್ನೂ ಐದು ವರ್ಷ ಓಡುತ್ತೆ. ಆದರೆ ಅದನ್ನು ಗೇಮಿಂಗ್ ಅಂತ ಕರೆದು ಲೈಟ್ ಹಾಕಿದರೆ ಮೂರು ಸಾವಿರ ಜಾಸ್ತಿ ಬರುತ್ತೆ, ಅಷ್ಟೇ.

ಹಂಪಿ_ಎಕ್ಸ್‌ಪ್ರೆಸ್, ಹೊಸಪೇಟೆಯವ, ಈಗ ಬೆಂಗಳೂರು

ಕಣ್ಣು ಮುಚ್ಚಿಕೊಂಡು ಅಸೆಂಬಲ್ ಮಾಡು. ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತು, ಬೆಳಗ್ಗೆ ಬೆಂಗಳೂರು. ಮೆಜೆಸ್ಟಿಕ್‌ನಿಂದ ಎಸ್‌.ಪಿ. ರೋಡ್‌ಗೆ ಆಟೋ, ಕಂಪ್ಯೂಟರ್ ಭಾಗಗಳ ಸಂತೆಯೇ ಅದು. ಅಂಗಡಿ ತೆಗೆಯುವುದರೊಳಗೆ ಒಂದು ಇಡ್ಲಿ-ವಡೆ ಆಗುತ್ತೆ.

ಕಳೆದ ಶನಿವಾರ ನಾನೇ ಗೆಳೆಯನಿಗಾಗಿ ಸುತ್ತಿದ್ದೆ. ಐ3-12100ಎಫ್ 7,400. ಎಚ್610 ಮದರ್‌ಬೋರ್ಡ್ 5,900. ರ‍್ಯಾಮ್ 8 ಜಿಬಿದು ಎರಡು, 9,600. 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ 5,100. ಆರ್‌ಎಕ್ಸ್ 6600 ಕಾರ್ಡ್ 20,600. 550 ವ್ಯಾಟ್ ಬ್ರಾಂಜ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಹಂಚುವ ಡಬ್ಬಿ) 3,900. ಜಾಲರಿ ಮುಖದ ಕ್ಯಾಬಿನೆಟ್ 2,800. ಕೂಡಿದರೆ 55,300. ಕೀಬೋರ್ಡ್ ಮೌಸ್ 900 ಹಾಕಿಕೋ. ಅಂಗಡಿಯಿಂದ ಅಂಗಡಿಗೆ ಇನ್ನೂರು ಮುನ್ನೂರು ಹೆಚ್ಚು ಕಡಿಮೆ.

ರ‍್ಯಾಮ್ ನೋಡಿ ಎದೆ ಒಡೆದುಕೊಳ್ಳಬೇಡ. ಹಿಂದೆ ಮೂರು, ಮೂರೂವರೆ ಸಾವಿರಕ್ಕೆ ಬರುತ್ತಿತ್ತು. ಮೆಮೊರಿ ಮಾಡುವ ಕಂಪನಿಗಳು ಎಐ ಡೇಟಾ ಸೆಂಟರ್ ಕಡೆಗೆ ಮಾಲು ತಿರುಗಿಸಿದ ಮೇಲೆ, 2025ರ ಕೊನೆಯಿಂದ ರೇಟ್ ಹೀಗೆ ಹತ್ತಿ ಕೂತಿದೆ. ಇಳಿಯಲಿ ಅಂತ ಕಾಯುತ್ತಾ ಕೂತರೆ ಡಿಗ್ರಿ ಮುಗಿದು ಕೆಲಸಕ್ಕೆ ಸೇರಿಬಿಡ್ತೀಯ.

ಶಕ್ತಿನಗರ_ಕ್ವಾರ್ಟರ್ಸ್, ರಾಯಚೂರು

ಒಂದು ಪ್ರಶ್ನೆ. ಆ ಹಳೆಯ ಮಾನಿಟರ್ 60 ಹರ್ಟ್ಸ್ ಇರಬೇಕು ಅಲ್ವಾ? ಅಂದರೆ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುತ್ತೆ. ವ್ಯಾಲರಂಟ್ ತುಂಬಾ ಹಗುರ ಆಟ. ಅದಕ್ಕೆ 20 ಸಾವಿರದ ಕಾರ್ಡ್ ಯಾಕೆ?

ನನ್ನದು ರೈಜೆನ್ 5 5600ಜಿ. ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇದೆ. ಹಗಲು ಮದುವೆ ವಿಡಿಯೋ ಎಡಿಟಿಂಗ್, ರಾತ್ರಿ ಮಗನ ವ್ಯಾಲರಂಟ್. ಲೋ ಸೆಟ್ಟಿಂಗ್‌ನಲ್ಲಿ ನೂರರ ಮೇಲೆ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ) ಬರುತ್ತೆ. 40 ಸಾವಿರದೊಳಗೆ ಮುಗಿಸಿ ಉಳಿದದ್ದು ಇಟ್ಟುಕೊಳ್ಳಲಿ. ಮುಂದಿನ ವರ್ಷ ಕಾರ್ಡ್ ಹಾಕಲಿ.

ನಾವು ಮೊದಲು ಕಂಪನಿ ಪಿಸಿ ತಗೊಂಡಿದ್ದೆವು, ಅದನ್ನೂ ಹೇಳಿಬಿಡುತ್ತೇನೆ. ಎರಡನೇ ವರ್ಷ ಬೋರ್ಡ್ ಹೋಯಿತು. ಫೋನ್ ಮಾಡಿದ ಮರುದಿನ ಹುಡುಗ ಮನೆಗೇ ಬಂದು ಬದಲಿಸಿಕೊಟ್ಟ. ಅಸೆಂಬಲ್ ಪಿಸಿಗೆ ಆ ಸುಖ ಇಲ್ಲ. ಆದರೆ ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು ಅಂದಾಗ ಗೊತ್ತಾಯಿತು: ಎಸ್‌ಎಂಪಿಎಸ್ ಸಣ್ಣದು, ಅದರ ಪಿನ್ನೂ ಆ ಕಂಪನಿಯದ್ದೇ, ಹೊರಗಿನದ್ದು ಕೂರಲ್ಲ. ಪಿಸಿ ಚೆನ್ನಾಗಿತ್ತು, ಬೆಳೆಯಲು ಬಿಡಲಿಲ್ಲ.

ಹಂಪಿ_ಎಕ್ಸ್‌ಪ್ರೆಸ್

ಅಕ್ಕಾ, ಜಿಟಿಎ ಇದೆಯಲ್ಲ ಪಟ್ಟಿಯಲ್ಲಿ. ಮುಂದೆ ಹೊಸ ಗೇಮೂ ಅಂದಿದ್ದಾನೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಈ ಬಂಗಾರದಂಥ ರ‍್ಯಾಮ್‌ನಿಂದಲೇ ಪಾಲು ತಗೊಳ್ಳುತ್ತೆ. 5600ಜಿಯ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಪುಟ್ಟ ವೇಗದ ಮೆಮೊರಿ) 16 ಎಂಬಿ, ಜಿ ಇಲ್ಲದ 5600ದು 32. ಮುಂದೆ ಕಾರ್ಡ್ ಹಾಕಿದಾಗಲೂ ಅದು ಸ್ವಲ್ಪ ಹಿಂದೇ. ಎರಡು ಸಲ ಖರ್ಚು ಮಾಡುವುದಕ್ಕಿಂತ ಒಂದೇ ಸಲ ಮಾಡಲಿ.

ಶಕ್ತಿನಗರ_ಕ್ವಾರ್ಟರ್ಸ್

ಎರಡು ಸಲ ಖರ್ಚು ಮಾಡೋದು ಬಡವರ ದಾರಿ ಕಣಪ್ಪಾ, ತಪ್ಪೇನಿಲ್ಲ. ಫ್ರಿಜ್ ಒಂದು ದೀಪಾವಳಿಗೆ, ವಾಷಿಂಗ್ ಮಷೀನ್ ಇನ್ನೊಂದು ದೀಪಾವಳಿಗೆ. ಆದರೆ ಇವನ ಕೈಯಲ್ಲಿ ದುಡ್ಡಿದೆ, ಹೋಗಲಿ ಬಿಡು.

ತೀನ್_ಕಂದೀಲ್, ರಾಯಚೂರು

ನಾನು ಸ್ವಂತ ಕೈಯಿಂದ ಕೂಡಿಸಿದವನು. ಚೆನ್ನಾಗಿದ್ದದ್ದನ್ನು ಎಲ್ಲರೂ ಹೇಳುತ್ತಾರೆ, ನಾನು ಕೆಟ್ಟದ್ದು ಹೇಳುತ್ತೇನೆ.

ನಮಗೆ ಹೈದರಾಬಾದ್ ಹತ್ತಿರ. ಸಿಕಂದರಾಬಾದ್‌ಗೆ ಹೋಗಿ ಎಲ್ಲಾ ತಂದೆ. ಉಳಿದದ್ದು ಎರಡು ಸಾವಿರ. ಎಂಟು ತಿಂಗಳಿಗೆ ಗ್ರಾಫಿಕ್ಸ್ ಕಾರ್ಡ್ ಸತ್ತಿತು. ಮಾರಿದ ಅಂಗಡಿಯವರು "ಸರ್ವಿಸ್ ಸೆಂಟರ್‌ಗೆ ನೀವೇ ಕಳಿಸಿ" ಅಂದರು. ಕೊರಿಯರ್ ದುಡ್ಡು ನನ್ನದೇ. ಹೋಗಿ ಬರಲು 23 ದಿನ. ಅಷ್ಟೂ ದಿನ ಪಿಸಿ ಮೇಲೆ ಅವ್ವ ಟವೆಲ್ ಹೊದಿಸಿಟ್ಟಿದ್ದಳು, ಯಾರೋ ಹೋದವರ ಹಾಗೆ.

ಇನ್ನೊಂದು ನನ್ನದೇ ತಪ್ಪು. ಧೂಳು ಒರೆಸೋಣ ಅಂತ ಕೂಲರ್ ಎಳೆದೆ. ನನ್ನದು ಎಎಂಡಿಯ ಎಎಂ4 ಸಾಕೆಟ್, ಅದರಲ್ಲಿ ಸೂಜಿಗಳು ಪ್ರೊಸೆಸರ್‌ಗೇ ಇರುತ್ತವೆ. ಶಾಖ ದಾಟಿಸಲು ನಡುವೆ ಹಚ್ಚುವ ಪೇಸ್ಟ್ ಒಣಗಿ ಅಂಟಿಕೊಂಡಿತ್ತು. ಕೂಲರ್ ಜೊತೆ ಪ್ರೊಸೆಸರೂ ಲಾಕ್ ತೆಗೆಯದೇ ಕಿತ್ತುಕೊಂಡು ಬಂತು. ಮೂರು ಸೂಜಿ ಬಾಗಿದ್ದವು. ಹಳೆ ಎಟಿಎಂ ಕಾರ್ಡ್ ಸಾಲಿನ ನಡುವೆ ತೂರಿಸಿ, ಉಸಿರು ಹಿಡಿದು ನೆಟ್ಟಗೆ ಮಾಡಿದೆ. ಬದುಕಿತು. ಈಗ ಕೂಲರ್ ತೆಗೆಯುವ ಮೊದಲು ಹತ್ತು ನಿಮಿಷ ಪಿಸಿ ಓಡಿಸಿ, ಆಫ್ ಮಾಡಿ, ಪೇಸ್ಟ್ ಬಿಸಿ ಇರುವಾಗಲೇ ಮೆಲ್ಲಗೆ ಆ ಕಡೆ ಈ ಕಡೆ ತಿರುವಿ ತೆಗೆಯುತ್ತೇನೆ. ನೀನು 12100ಎಫ್ ತಗೊಂಡರೆ ಸೂಜಿಗಳು ಬೋರ್ಡಿನಲ್ಲಿರುತ್ತವೆ. ಅಲ್ಲಿ ಬೆರಳು ತಾಗಿಸಲೇಬೇಡ.

ಆದ್ದರಿಂದ ನನ್ನ ಮಾತು: ಪಟ್ಟಿ ನಿನ್ನದು, ಕೈ ಊರಿನ ಅಂಗಡಿಯದು. ಎರಡು ಮೂರು ಸಾವಿರ ಜಾಸ್ತಿ ಕೊಟ್ಟರೂ ಕೆಟ್ಟಾಗ ಸೈಕಲ್ ಮೇಲೆ ಹೊತ್ತುಕೊಂಡು ಹೋಗಬಹುದು.

ಗವಿಮಠ_ಓಣಿ, ಕೊಪ್ಪಳ

ಮೇಲಿನದಕ್ಕೆ ನನ್ನದೂ ಹೂಂ. ಆದರೆ ಬಿಲ್ ಬಗ್ಗೆ ಯಾರೂ ಹೇಳಲಿಲ್ಲ. "ಅಸೆಂಬಲ್ಡ್ ಕಂಪ್ಯೂಟರ್ ಒಂದು, ಸಾವಿರ ಇಷ್ಟು" ಅಂತ ಒಂದೇ ಸಾಲು ಬರೆದು ಕೊಟ್ಟರೆ ತಗೊಳ್ಳಬೇಡ. ಒಂದೊಂದು ಭಾಗದ ಹೆಸರು, ಸೀರಿಯಲ್ ನಂಬರ್ ಬಿಲ್‌ನಲ್ಲಿ ಇರಬೇಕು. ಖಾಲಿ ಡಬ್ಬಗಳೂ ನಿನಗೇ ಬರಬೇಕು. ನನ್ನ ತಮ್ಮ ಡಬ್ಬ ಅಲ್ಲೇ ಬಿಟ್ಟು ಬಂದ. ಒಂದು ವರ್ಷದ ಮೇಲೆ ಅಂಗಡಿ ಮುಚ್ಚಿತು. ಕಾರ್ಡಿಗೆ ಇನ್ನೂ ಎರಡು ವರ್ಷ ವಾರಂಟಿ ಇತ್ತು, ತೋರಿಸಲು ಒಂದು ಚೀಟಿ ಇರಲಿಲ್ಲ.

ಕೌಲ್‌ಬಜಾರ್_ಹುಡುಗ

ಅಪ್ಪನಿಗೆ ಬಿಲ್ ವಿಷಯ ಹೇಳಿದೆ. ಮೊದಲ ಪ್ರಶ್ನೆ: "18 ಪರ್ಸೆಂಟ್ ಜಿಎಸ್‌ಟಿ ಇದೆಯಲ್ಲ, ಯೂನಿಟ್ ಹೆಸರಲ್ಲಿ ತಗೊಂಡರೆ ಕ್ರೆಡಿಟ್ ಬರುತ್ತಲ್ಲೋ?"

ಗವಿಮಠ_ಓಣಿ

ವ್ಯವಹಾರಕ್ಕೆ ಬಳಸಿದರೆ ಮಾತ್ರ ಬರುತ್ತೆ. ಬಿ.ಕಾಂ ಓದುವವನು ನೀನು, ನನ್ನನ್ನು ಕೇಳ್ತೀಯಲ್ಲ!

ಹಾಸ್ಟೆಲ್_ರೂಂ_14

ಯಾರೂ ಲ್ಯಾಪ್‌ಟಾಪ್ ಬಗ್ಗೆ ಮಾತಾಡ್ತಿಲ್ಲ. ನನಗೆ ಅದೇ ಸರಿ ಹೋಯಿತು. ರೂಮಿನಲ್ಲಿ ಮೂರು ಜನ, ಒಂದೇ ಸ್ವಿಚ್ ಬೋರ್ಡ್, ಪಿಸಿ ಎಲ್ಲಿಡಲಿ? ಬ್ಯಾಟರಿಯೇ ಯುಪಿಎಸ್. ರಜೆಗೆ ಊರಿಗೆ ಹೋದರೆ ಚೀಲದಲ್ಲಿ ಬರುತ್ತೆ. ಒಪ್ಪುತ್ತೇನೆ, ಏಪ್ರಿಲ್‌ನಲ್ಲಿ ಮಧ್ಯಾಹ್ನ ಆಡಿದರೆ ಕೀಬೋರ್ಡ್ ಮೇಲೆ ರೊಟ್ಟಿ ಬೇಯಿಸಬಹುದು. ಹೆಸರು ಒಂದೇ ಇದ್ದರೂ ಲ್ಯಾಪ್‌ಟಾಪ್‌ನ ಕಾರ್ಡ್ ಡೆಸ್ಕ್‌ಟಾಪ್ ಕಾರ್ಡಿನಷ್ಟು ಶಕ್ತಿ ಅಲ್ಲ, ಅದೂ ನಿಜ.

ಗುಡ್ಡದ_ಕೆಳಗೆ

ಹಾಸ್ಟೆಲ್‌ನವನಿಗೆ ಅದೇ ಸರಿ. ಇವನು ಮನೆಯಲ್ಲೇ ಇರುವವನು, ಡೆಸ್ಕ್‌ಟಾಪೇ ಇರಲಿ. ನಾಳೆ ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ಬಿಸಿಲಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಸರ್ಕಾರಿ ಆಫೀಸ್‌ಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಸೀಮೆ ನಮ್ಮದು. ಪಿಸಿಗೆ ಬೇರೆ ನ್ಯಾಯ ಇಲ್ಲ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರೂ ಹೆಚ್ಚು ಕಡಿಮೆ ಅಷ್ಟೇ ಏರುತ್ತೆ. ಇಂಟರ್ನೆಟ್ ವಿಡಿಯೋದಲ್ಲಿ ಎಸಿ ರೂಮಿನಲ್ಲಿ ಕೂತು "65 ಡಿಗ್ರಿ ಬಂತು" ಅನ್ನುತ್ತಾರೆ. ನಿನಗೆ ಮೇ ತಿಂಗಳಲ್ಲಿ 80 ಬಂದರೆ ಗಾಬರಿಯಾಗಬೇಡ. 12ನೇ ತಲೆಮಾರಿನ ಇಂಟೆಲ್ 100ರವರೆಗೆ ತಡೆದುಕೊಂಡು, ಆಮೇಲೆ ತಾನೇ ವೇಗ ಇಳಿಸುತ್ತೆ. ಮುಂದೆ ಗಾಜಿನ ಕ್ಯಾಬಿನೆಟ್ ಮಾತ್ರ ಬೇಡ. ಗಾಜು ನೋಡಲಿಕ್ಕೆ, ಜಾಲರಿ ಉಸಿರಾಡಲಿಕ್ಕೆ.

ಜಾಲರಿ ಅಂದರೆ ಧೂಳು. ಸಂಡೂರು ಕಡೆಯಿಂದ ಬರುತ್ತಿದ್ದ ಪಿಸಿಗಳು ನನಗೆ ಬಿಚ್ಚುವ ಮೊದಲೇ ಗೊತ್ತಾಗುತ್ತಿದ್ದವು, ಫ್ಯಾನ್ ರೆಕ್ಕೆಗೆ ಕುಂಕುಮ ಹಚ್ಚಿದ ಹಾಗೆ ಕೆಂಪು. ನಿನ್ನದು ಬೇರೆ ಥರ. ಜೀನ್ಸ್ ಯೂನಿಟ್‌ಗಳ ಬಿಲ್ಲಿಂಗ್ ಪಿಸಿ ಎಷ್ಟೋ ಬಿಚ್ಚಿದ್ದೇನೆ. ಕೂಲರ್ ಮೇಲೆ ನೀಲಿ ನೂಲಿನ ಧೂಳು ಕೂತು ಕೂತು ದಪ್ಪ ಬಟ್ಟೆ ಆಗಿರುತ್ತೆ. ಒಂದು ತುದಿ ಹಿಡಿದು ಎಳೆದರೆ ಚೌಕಾಕಾರವಾಗಿ ಎದ್ದು ಬರುತ್ತೆ, ಇನ್ನೇನು ಜೇಬು ಹೊಲಿಯಬಹುದು. ಅದರ ಅಡಿಗೆ ಗಾಳಿ ಹೇಗೆ ಹೋಗಬೇಕು? ತಿಂಗಳಿಗೊಮ್ಮೆ ಬ್ಲೋವರ್ ಹೊಡಿ. ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳು ಇಟ್ಟಿರು. ಎಸ್‌ಎಂಪಿಎಸ್ ಬಿಚ್ಚಬೇಡ, ಹೊರಗಿನಿಂದಲೇ ಊದು.

ಗಿಣಿಗೇರಾ_ನೈಟ್‌ಶಿಫ್ಟ್, ಕೊಪ್ಪಳ

ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ನಿಮ್ಮ ಎಫ್‌ಪಿಎಸ್ ನನಗೆ ಗೊತ್ತಿಲ್ಲ. ಎರಡು ಮಾತು ಮಾತ್ರ.

ಒಂದು, ಎಸ್‌ಎಂಪಿಎಸ್. ಅಂಗಡಿಯವರು "ಇದೂ 450 ವ್ಯಾಟೇ" ಅಂತ ಕ್ಯಾಬಿನೆಟ್ ಜೊತೆ ಬಂದದ್ದನ್ನೇ ಹಾಕುತ್ತಾರೆ. ಕೈಯಲ್ಲಿ ಹಿಡಿದರೆ ತೆಂಗಿನ ಚಿಪ್ಪಿನಷ್ಟು ಹಗುರ. ಪಕ್ಕದ ಚೀಟಿ ಓದಿ. 12 ವೋಲ್ಟ್ ಎದುರು ಎಷ್ಟು ಆಂಪ್ಸ್ ಇದೆ ನೋಡಿ, 12ರಿಂದ ಗುಣಿಸಿ. ನನ್ನ ಮಗನ ಪಿಸಿಯಲ್ಲಿ ಬಂದಿದ್ದರ ಮೇಲೆ 14 ಆಂಪ್ಸ್ ಇತ್ತು. 168 ವ್ಯಾಟ್ ಆಯಿತು. ದೊಡ್ಡ ಅಕ್ಷರದಲ್ಲಿ 450! ನೀವು ಹೇಳುವ ಆರ್‌ಎಕ್ಸ್ 6600 ಒಂದೇ 132 ವ್ಯಾಟ್, ಆ ಐ3 ಜೋರಾಗಿ ಓಡಿದರೆ 89. ಕಾರ್ಡಿಗೆ 8 ಪಿನ್ ವೈರ್ ಬೇಕು. ಅದು ಇಲ್ಲದ ಎಸ್‌ಎಂಪಿಎಸ್‌ಗೆ ಕನ್ವರ್ಟರ್ ಹಾಕಿ ಕೊಡುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಸುಟ್ಟ ವೈರಿನ ವಾಸನೆ ನನಗೆ ಚೆನ್ನಾಗಿ ಗೊತ್ತು.

ಎರಡು, ಅರ್ಥಿಂಗ್. ಇದನ್ನು ಯಾರೂ ಕೇಳುವುದಿಲ್ಲ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಬಾಡಿಗೆ ಒಂದು, ನ್ಯೂಟ್ರಲ್‌ನಿಂದ ಬಾಡಿಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತೆ. ಗೋಡೆಯ ಮೂರನೇ ಪಿನ್‌ಗೆ ಅರ್ಥ್ ಸರಿ ಇದ್ದರೆ ಅಲ್ಲಿ ಸೋರುವ ಕರೆಂಟ್ ಭೂಮಿಗೆ ಹೋಗುತ್ತೆ. ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಸುಮಾರು ಅರ್ಧ ವೋಲ್ಟೇಜ್, 115ರ ಹತ್ತಿರ ನಿಲ್ಲುತ್ತೆ. ಬರಿಗಾಲಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ. ಆ ಜುಮ್‌ನಿಂದ ಯಾರೂ ಸಾಯಲ್ಲ. ಆದರೆ ನಾಳೆ ಫೇಸ್ ನಿಜವಾಗಿ ಬಾಡಿಗೆ ತಾಗಿದರೆ, ಹೋಗಲು ದಾರಿ ಇಲ್ಲದ ಕರೆಂಟ್ ನಿಮ್ಮನ್ನೇ ದಾರಿ ಮಾಡಿಕೊಳ್ಳುತ್ತೆ.

ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಇಡಿಸಿ. ಫೇಸ್ ಮತ್ತು ಅರ್ಥ್ ನಡುವೆ 230ರ ಆಸುಪಾಸು ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಅಷ್ಟೇ. ಕೆಲವರು ಸುಲಭಕ್ಕೆ ಸಾಕೆಟ್ ಒಳಗೇ ನ್ಯೂಟ್ರಲ್ ವೈರನ್ನು ಅರ್ಥ್ ಪಿನ್‌ಗೆ ಜೋಡಿಸಿಬಿಡುತ್ತಾರೆ. ಅದನ್ನು ಮಾತ್ರ ಮಾಡಲು ಬಿಡಬೇಡಿ. ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಇಡೀ ಕ್ಯಾಬಿನೆಟ್ ಫೇಸ್ ಆಗುತ್ತೆ.

ಹೊಲಿಗೆ ಯಂತ್ರಗಳ ಲೈನ್‌ನಿಂದ ಪಿಸಿಗೆ ಕರೆಂಟ್ ಎಳೆಯಬೇಡಿ. ಮೋಟಾರ್ ಹತ್ತಿ ಇಳಿಯುವಾಗ ವೋಲ್ಟೇಜ್ ಕುಣಿಯುತ್ತೆ.

ಹಂಪಿ_ಎಕ್ಸ್‌ಪ್ರೆಸ್

ಅಣ್ಣಾ, ನಾನು ಐದು ಪಿಸಿ ಕೂಡಿಸಿದ್ದೇನೆ, ಕೆಪಾಸಿಟರ್ ವಿಷಯ ಇವತ್ತೇ ಗೊತ್ತಾಗಿದ್ದು. ಹೊಸಪೇಟೆ ಮನೆಯ ಪಿಸಿ ಜುಮ್ ಅನ್ನುತ್ತೆ ಅಂತ ಅಮ್ಮ ಹೇಳಿದಾಗಲೆಲ್ಲ ಚಪ್ಪಲಿ ಹಾಕಿಕೋ ಅನ್ನುತ್ತಿದ್ದೆ.

ಶಕ್ತಿನಗರ_ಕ್ವಾರ್ಟರ್ಸ್

ಯುಪಿಎಸ್ ಮರೆಯಬೇಡ ತಮ್ಮಾ. 600 ವಿಎ ಅಂದರೆ 360 ವ್ಯಾಟ್. ನಿನ್ನ ಪಿಸಿ, ಮಾನಿಟರ್ ಸೇರಿದರೆ 260 ದಾಟಲ್ಲ. ಆಟ ಮುಗಿಸುವಷ್ಟು ಹೊತ್ತು ಸಿಗಲ್ಲ, ಸರಿಯಾಗಿ ಆಫ್ ಮಾಡುವಷ್ಟು ಸಿಗುತ್ತೆ. ನಮ್ಮ ಮನೆ ಪಕ್ಕವೇ ಕರೆಂಟ್ ತಯಾರಾಗುತ್ತೆ, ಆದರೂ ಯುಪಿಎಸ್ ಇಟ್ಟುಕೊಂಡಿದ್ದೇನೆ ನೋಡು.

ವಿಂಡೋಸ್ ಲೈಸೆನ್ಸ್ ನಿಮ್ಮ ಯಾರ ಲೆಕ್ಕದಲ್ಲೂ ಇಲ್ಲ. ಕಂಪನಿ ಪಿಸಿಯಲ್ಲಿ ಸೇರಿ ಬರುತ್ತೆ. ಅಸೆಂಬಲ್‌ನಲ್ಲಿ ಬೇರೆ. ಹೋಲಿಸುವಾಗ ನ್ಯಾಯವಾಗಿ ಹೋಲಿಸಿ.

ಹಂಪಿ_ಎಕ್ಸ್‌ಪ್ರೆಸ್

ಸರಿ ಅಕ್ಕಾ, ಅದು ನನ್ನ ತಪ್ಪು. ಆಕ್ಟಿವೇಟ್ ಮಾಡದೇ ಹಾಕಿದರೂ ಆಟ ಓಡುತ್ತೆ. ಮೂಲೆಯಲ್ಲಿ ಒಂದು ಸಾಲು ಅಕ್ಷರ ಕಾಣುತ್ತೆ, ವಾಲ್‌ಪೇಪರ್ ಬದಲಿಸಲು ಬಿಡಲ್ಲ. ಮುಂದಿನ ಸಂಬಳ... ಅಲ್ಲ, ಮುಂದಿನ ಗುಂಡಿ ಹೊಡೆದ ದುಡ್ಡಿನಲ್ಲಿ ತಗೊಳ್ಳಲಿ.

ಕೌಲ್‌ಬಜಾರ್_ಹುಡುಗ

ಎಂಟು ದಿನ ಆಯಿತು. ಏನಾಯಿತು ಅಂತ ಹೇಳುತ್ತೇನೆ.

ಹಂಪಿ ಅಣ್ಣನ ಪಟ್ಟಿ ಹಿಡಿದು ಊರಿನ ಮೂರು ಅಂಗಡಿ ಸುತ್ತಿದೆ. ಒಬ್ಬರು ಪಟ್ಟಿ ನೋಡಿ "ಇಷ್ಟೆಲ್ಲಾ ಓದಿಕೊಂಡು ಬಂದವರು ಆನ್‌ಲೈನ್‌ನಲ್ಲೇ ತಗೊಳ್ಳಿ" ಅಂದರು. ಎರಡನೆಯವರು ಎಲ್ಲದಕ್ಕೂ ಸರಿ ಅಂದರು, ಎಸ್‌ಎಂಪಿಎಸ್ ಮಾತ್ರ "ನಮ್ಮದೇ ಹಾಕ್ತೀವಿ" ಅಂದರು. ಚೀಟಿ ತೋರಿಸಿ ಅಂದೆ. 12 ವೋಲ್ಟ್ ಎದುರು 16 ಆಂಪ್ಸ್. ಗಿಣಿಗೇರಾ ಅಣ್ಣ ನೆನಪಾದರು, ಎದ್ದು ಬಂದೆ.

ಮೂರನೆಯವರು ಮೊದಲು 58,700 ಹೇಳಿದರು. ಬೆಂಗಳೂರಿಗಿಂತ 3,400 ಜಾಸ್ತಿ. ಅಪ್ಪನನ್ನು ಕರೆದುಕೊಂಡು ಹೋದೆ. ಅಪ್ಪನಿಗೆ ಪ್ರೊಸೆಸರ್ ಗೊತ್ತಿಲ್ಲ, ವ್ಯಾಪಾರ ಗೊತ್ತು. ಅರ್ಧ ಗಂಟೆ ಮಾತಾಡಿದರು, ಅದರಲ್ಲಿ ಇಪ್ಪತ್ತು ನಿಮಿಷ ಬಟ್ಟೆ ರೇಟ್ ಬಗ್ಗೆ. ಕೊನೆಗೆ ಕೀಬೋರ್ಡ್ ಮೌಸ್ ಸೇರಿ 57,000. ಒಂದೊಂದು ಭಾಗಕ್ಕೂ ಸೀರಿಯಲ್ ನಂಬರ್ ಬರೆದ ಬಿಲ್. ಒಂದು ವರ್ಷ ಏನೇ ಕೆಟ್ಟರೂ ಅವರೇ ಕಳಿಸಿ ತರಿಸಿಕೊಡುತ್ತಾರೆ, ಅದನ್ನೂ ಬಿಲ್ ಹಿಂದೆ ಬರೆಸಿದೆ. ಯುಪಿಎಸ್ 3,000. ಅಲ್ಲಿಗೆ 60 ಮುಗಿಯಿತು.

ಕೂಡಿಸುವ ದಿನ ನಾನೂ ಕೂತಿದ್ದೆ. ಅಲ್ಲಿನ ಹುಡುಗ ನನಗಿಂತ ಚಿಕ್ಕವನು. "ನೀವೇ ಹಾಕ್ತೀರಾ ಅಣ್ಣ?" ಅಂತ ಪ್ರೊಸೆಸರ್ ಕೈಗೆ ಕೊಟ್ಟ. ಮೂಲೆಯ ಬಂಗಾರದ ತ್ರಿಕೋನ ನೋಡಿ ಇಟ್ಟೆ. ಕಡ್ಡಿ ಒತ್ತಿದಾಗ ಕರ್ ಅಂತ ಸದ್ದು ಬಂತು, ಒಡೆದೇ ಹೋಯಿತು ಅಂದುಕೊಂಡೆ. ಅವನು ನಕ್ಕ. "ಎಲ್ಲರೂ ಇಲ್ಲೇ ಹೆದರೋದು" ಅಂದ. ಮುಂದಿನ ಸಣ್ಣ ಸಣ್ಣ ವೈರುಗಳು, ಪವರ್ ಬಟನ್‌ದು, ಲೈಟ್‌ದು, ಅವನೇ ಹಾಕಿದ. ನನ್ನ ಬೆರಳಿಗೆ ಅದು ಆಗುತ್ತಿರಲಿಲ್ಲ.

ಮನೆಗೆ ತಂದೆ. ಆಗ ಶುರುವಾಯಿತು. ನನ್ನ ಹಳೆ ಮಾನಿಟರ್ ಹಿಂದೆ ಒಂದು ನೀಲಿ ವಿಜಿಎ, ಒಂದು ಬಿಳಿ ಡಿವಿಐ. ಕಾರ್ಡಿನಲ್ಲಿ ಎರಡೂ ಇಲ್ಲ. ಬೋರ್ಡ್ ಹಿಂದೆ ವಿಜಿಎ ಇತ್ತು, ಅದಕ್ಕೆ ಹಾಕಿದೆ. ಫ್ಯಾನ್ ತಿರುಗುತ್ತೆ, ಪರದೆ ಕಪ್ಪು. 57 ಸಾವಿರ ಸುಟ್ಟೆ ಅಂತ ಬೆವರು ಬಂತು. ಬಾಗಿಲಲ್ಲಿ ಅಪ್ಪ ನಿಂತಿದ್ದರು.

ಗುಡ್ಡದ_ಕೆಳಗೆ

ಹಹ್ಹಾ. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಬೋರ್ಡಿನ ತೂತು ಸುಮ್ನೆ ಅಲಂಕಾರಕ್ಕೆ. ನನ್ನ ಅಂಗಡಿಗೆ "ಪಿಸಿ ಸತ್ತಿದೆ" ಅಂತ ಬಂದವರಲ್ಲಿ ಎಷ್ಟು ಜನ ಬರೀ ಆ ವೈರ್ ಬದಲಿಸಿ ಕಳಿಸಿದ್ದೇನೋ.

ಕೌಲ್‌ಬಜಾರ್_ಹುಡುಗ

ಹೌದಣ್ಣ, ಅಂಗಡಿಯ ಹುಡುಗ ಫೋನ್‌ನಲ್ಲೇ ಅದನ್ನೇ ಹೇಳಿದ. ಎಚ್‌ಡಿಎಂಐಯಿಂದ ಡಿವಿಐಗೆ ಹೋಗುವ ಕೇಬಲ್ 350. ಅಮ್ಮ ಕೊಟ್ಟಳು. ಬಯೋಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ ಪರದೆ) ರ‍್ಯಾಮ್ ಪೂರ್ತಿ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿದೆ, ಅಲ್ಲಿಯವರೆಗೆ 3200ರ ರ‍್ಯಾಮ್ 2400ರಲ್ಲಿ ಓಡುತ್ತಿತ್ತು. ಸೆಕ್ಯೂರ್ ಬೂಟ್ ಆನ್ ಮಾಡಿದ ಮೇಲೆ ವ್ಯಾಲರಂಟ್ ತೆರೆಯಿತು. ಜಿಟಿಎ ನಿನ್ನೆ ರಾತ್ರಿ ಡೌನ್‌ಲೋಡ್‌ಗೆ ಹಾಕಿದ್ದು ಇನ್ನೂ ನಡೀತಾ ಇದೆ.

ಒಂದು ಉಳಿದಿದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ. ಎಲೆಕ್ಟ್ರಿಷಿಯನ್ ಬಂದು ಮೀಟರ್ ಇಟ್ಟರು. ಫೇಸ್ ಮತ್ತು ಅರ್ಥ್ ನಡುವೆ 140 ತೋರಿಸಿತು. ವೈರ್ ಸರಿ ಇದೆಯಂತೆ.

ಗಿಣಿಗೇರಾ_ನೈಟ್‌ಶಿಫ್ಟ್

ವೈರ್ ಸರಿ ಇದ್ದರೆ ಅರ್ಥ್ ಗುಂಡಿ ಒಣಗಿದೆ. ಮನೆ ಕಟ್ಟಿದಾಗ ಇದ್ದಿಲು, ಉಪ್ಪು ಹಾಕಿ ಪೈಪ್ ಹೂತಿರುತ್ತಾರೆ, ಆಮೇಲೆ ಯಾರೂ ಅದರ ಕಡೆ ನೋಡಲ್ಲ. ನಮ್ಮ ಕಡೆಯ ಬೇಸಿಗೆಗೆ ಮಣ್ಣು ಬಿರುಕು ಬಿಡುತ್ತೆ. ಮೀಟರ್ ಬೋರ್ಡಿನಿಂದ ಇಳಿದ ತಂತಿ ಎಲ್ಲಿ ನೆಲಕ್ಕೆ ಹೋಗಿದೆ ಹುಡುಕಿ. ಎರಡು ಕೊಡ ನೀರು ಹಾಕಿ, ನಾಳೆ ಮತ್ತೆ ಮೀಟರ್ ಇಡಿಸಿ. ಆಗಲೂ ಬರದಿದ್ದರೆ ಹೊಸ ಗುಂಡಿ ತೋಡಿಸಬೇಕು.

ಕೌಲ್‌ಬಜಾರ್_ಹುಡುಗ

ಸಿಕ್ಕಿತು ಅಣ್ಣ. ತುಳಸಿ ಕಟ್ಟೆ ಹಿಂದೆ, ಹಳೆ ಬಟ್ಟೆ ಗಂಟಿನ ಕೆಳಗೆ. ಮೂರು ಕೊಡ ಹಾಕಿದೆ, ಅಷ್ಟೂ ಬುಳುಬುಳು ಅಂತ ಕುಡಿಯಿತು. ಇವತ್ತು ಮೀಟರ್‌ನಲ್ಲಿ 226. ಜುಮ್ ಹೋಯಿತು.

ಅಪ್ಪನ ಯೂನಿಟ್‌ನಲ್ಲಿ ಯಂತ್ರ ಜುಮ್ ಅನ್ನುತ್ತೆ ಅಂತ ಹೊಲಿಯುವವರು ಎರಡು ವರ್ಷದಿಂದ ಹೇಳುತ್ತಿದ್ದರಂತೆ. ಅದೇ ಗುಂಡಿ. ಈಗ ವಾರಕ್ಕೊಮ್ಮೆ ನೀರು ಹಾಕುವ ಕೆಲಸ ನನಗೇ ಬಿದ್ದಿದೆ.